ಮಾವಿನಮರದ ಎದೆಬಡಿತ

ಮಾವಿನಮರಕ್ಕೆ ಸ್ಟೆತಸ್ಕೋಪ್ ಹಚ್ಚಿ ನೋಡಿದ ಡಾಕ್ಟರನ್ನು ಕಂಡಿದ್ದೀರಾ? ನಾನು ಕಂಡೆ. ಕರೆದುಕೊಂಡು ಹೋದವನೂ ನಾನೇ.

ಲಕ್ಷ್ಮೇಶ್ವರದಲ್ಲಿ ನನ್ನ ಚಿಕ್ಕಪ್ಪ, ಚಿಕ್ಕಮ್ಮ, ಅಂದರೆ ಕಾಕಾ, ಕಾಕು ಇದ್ದಾರೆ. ಇಬ್ಬರಿಗೂ ವಯಸ್ಸಾಗಿದೆ. ಅವರ ಹಿತ್ತಲಿನ ಮಾವಿಗೆ ಇನ್ನೂ ಹೆಚ್ಚು. ಈ ಬೇಸಿಗೆಯಲ್ಲಿ ಅದರ ಬುಡದಲ್ಲಿ ದಿನಾ ಬೆಳಿಗ್ಗೆ ಕಟ್ಟಿಗೆಯ ಹಿಟ್ಟು ಬಿದ್ದಿರುತ್ತಿತ್ತು. ಕೊರೆಯುವ ಹುಳದ ಕೆಲಸ. ಮನೆ ಮೇಲೆ ಬೀಳುವ ಮೊದಲೇ ಕಡಿಸಬೇಕೆಂದು ಕಾಕಾ, ಕೂಡದೆಂದು ಕಾಕು. ಈ ಜಗಳದ ನಡುವೆ ಕಾಕುಗೆ ತಲೆಸುತ್ತು ಶುರುವಾಯಿತು. ಗದಗಿನ ನನ್ನ ಡಾಕ್ಟರ್ ಗೆಳೆಯನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ.

ಕಾಕು ಕೈ ಚಾಚಲೇ ಇಲ್ಲ. "ನಂದಿರಲಿ. ಮೊದಲ ಗಿಡಾ ನೋಡ್ರಿ. ಉಳಿತೈತೋ ಇಲ್ಲೋ ಹೇಳ್ರಿ."

ಗೆಳೆಯ ನಕ್ಕ. ಹಿರಿಯರ ಮನಸ್ಸು ಏಕೆ ಮುರಿಯಬೇಕೆಂದು ಹೋಗಿ ಕಾಂಡಕ್ಕೆ ಸ್ಟೆತಸ್ಕೋಪ್ ಹಚ್ಚಿದ. ನಗು ನಿಂತಿತು.

"ಒಳಗ ಕರಕರ ಸಪ್ಪಳ ಐತ್ರಿ. ಭಾಳ ಮಂದಿ ಊಟಕ್ಕ ಕುಂತಂಗೈತಿ."

"ನಾ ಹೇಳಿದ್ದಿಲ್ಲ? ಕಡಿಸೂದ ಛಲೋ," ಎಂದರು ಕಾಕಾ.

"ಅಷ್ಟು ಮಂದೀಗೆ ಉಣ್ಣಾಕ ಹಾಕತೈತಿ ಅಂದ್ರ ಗಿಡದಾಗ ಇನ್ನೂ ಕಸುವೈತಿ ಅಂತ ಆತಲ್ಲ," ಎಂದರು ಕಾಕು.

ಒಂದೇ ರಿಪೋರ್ಟ್, ಎರಡು ಅರ್ಥ. (ಸರ್ಕಾರಿ ರಿಪೋರ್ಟುಗಳ ಹಣೆಬರಹವೂ ಇದೇ ಅಲ್ಲವೇ?)

ಆಮೇಲೆ ಅವರ ಮಗ, ಸೊಸೆ, ನೆರೆಮನೆಯವರು, ಎಲ್ಲರಿಗೂ ಕೇಳುವ ಆಸೆ. ಸ್ಟೆತಸ್ಕೋಪಿಗೆ ಟೂರಿಂಗ್ ಟಾಕೀಸಿನ ಹಾಗೆ ಪಾಳಿ ಹತ್ತಿತು. ಕೊನೆಗೆ ರಾಜಿ. ತೂತಿನಲ್ಲಿ ತಂತಿ ಹಾಕಿ ಹುಳ ತೆಗೆಯುವುದು, ಮನೆ ಕಡೆ ಬಾಗಿದ ಟೊಂಗೆ ಮಾತ್ರ ಕಡಿಯುವುದು. ಅವಲಕ್ಕಿ ತಿಂದು, ಚಹಾ ಕುಡಿದು ಹೊರಟೆವು.

ಶಿರಹಟ್ಟಿ ದಾಟಿದ ಮೇಲೆ ಗೆಳೆಯ ನನ್ನ ಹೆಗಲು ತಟ್ಟಿದ. "ಲೇ, ಕಾಕೂನ ಬಿ.ಪಿ. ನೋಡಲೇ ಇಲ್ಲಲ್ಲೋ."

ಸ್ಕೂಟರ್ ತಿರುಗಿಸಿದೆ. ನೋಡಿದರೆ ಬಿ.ಪಿ. ಹೆದರಿಸುವಷ್ಟು ಏರಿತ್ತು. ಅಂದೇ ಗದಗಿಗೆ ಕರೆತಂದು ಆಸ್ಪತ್ರೆಗೆ ಸೇರಿಸಿದೆವು.

ಈಗ ಕಾಕು ಚೇತರಿಸಿಕೊಳ್ಳುತ್ತಿದ್ದಾರೆ. ಕಾಕಾ ದಿನಾ ಬಸ್ಸು ಹಿಡಿದು ಬರುತ್ತಾರೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಗೋಡೆ ನೋಡುತ್ತಾ ಹೇಳುತ್ತಾರೆ: "ಇವತ್ತ ಹಿಟ್ಟ ಕಮ್ಮಿ ಬಿದ್ದೈತಿ."

"ಕಿವಿ ಹಚ್ಚಿ ಕೇಳಿದ್ರೇನು?"

"ಕೇಳೀನಿ. ಸಪ್ಪಳಿಲ್ಲ. ಹೊಸ ಚಿಗುರ ಬಂದೈತಿ."

ಕಾಕು ಸಮಾಧಾನದಿಂದ ಕಣ್ಣು ಮುಚ್ಚುತ್ತಾರೆ. ಕಾಕಾ ಆಗ ಮೆಲ್ಲಗೆ ಅವರತ್ತ ತಿರುಗಿ ನೋಡುತ್ತಾರೆ. ಕಣ್ಣು ತೆರೆದರೆ ಮತ್ತೆ ಗೋಡೆ.

ನಿನ್ನೆ ನರ್ಸ್ ಕೇಳಿಯೇಬಿಟ್ಟಳು: "ಅಜ್ಜಾರ, ನಿಮ್ಮ ಮನ್ಯಾಗ ಇನ್ನ್ಯಾರಿಗೆ ಆರಾಮಿಲ್ರಿ?"

ಹೆಂಡತಿಯ ಮುಖ ನೋಡಿ "ಹೆಂಗದೀ?" ಎಂದು ಕೇಳಲು ನಮ್ಮ ಗಂಡಸರಿಗೆ ಇನ್ನೆಷ್ಟು ಮರಗಳು ಬೇಕೋ?