ಬೆಳ್ಳುಳ್ಳಿಗೆ ಹೋದ ಸೈನ್ಯ

ಆತನ ಎಡಗೈ ಹೆಬ್ಬೆರಳಿನ ಉಗುರಿಗೆ ದಿನಕ್ಕೊಂದು ಬಣ್ಣ. ಒಂದು ದಿನ ಇಟ್ಟಿಗೆ ಕೆಂಪು, ಒಂದು ದಿನ ಪಾಚಿ ಹಸಿರು, ಕೆಲವು ದಿನ ಮೂರು ಬಣ್ಣದ ಗೆರೆ. ಮನೆ ಕೇಳಿಕೊಂಡು ಬಂದ ದಿನವೇ ನಾನು ಅದನ್ನು ನೋಡಿದೆ. ಉಗುರಿಗೆ ಬಣ್ಣ ಹಚ್ಚುವ ಗಂಡಸಿಗೆ ಬಾಡಿಗೆಗೆ ಕೊಡುವುದೋ ಬೇಡವೋ ಎಂದು ಯೋಚಿಸಿದೆ. ಕುಂಚದ ತುದಿಯಲ್ಲಿ ಬಣ್ಣ ಎಷ್ಟಿದೆ ಎಂದು ಉಗುರಿನ ಮೇಲೆ ಎಳೆದು ನೋಡುತ್ತಾನೆಂದು ಆಮೇಲೆ ತಿಳಿಯಿತು. ಬಣ್ಣ ಹಚ್ಚುತ್ತಿದ್ದುದು ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಪ್ಲಾಸ್ಟಿಕ್ ಸಿಪಾಯಿಗಳಿಗೆ.

ಆತ ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರು. ಗುಂಡ್ಲುಪೇಟೆಯ ನಮ್ಮ ಮನೆಯ ಮುಂದಿನ ಎರಡು ಕೋಣೆಯಲ್ಲಿ ಐದು ವರ್ಷ ಬಾಡಿಗೆಗಿದ್ದ. ಮದುವೆಯಾಗಿರಲಿಲ್ಲ. ಬೆಳಗ್ಗೆ ತೆರಕಣಾಂಬಿ ಮೇಲೆ ಹೋಗುವ ಮೊದಲ ಬಸ್ಸು ಹತ್ತಿದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಾತು ಕಡಿಮೆ. ಯಾರು ಏನು ಕೇಳಿದರೂ "ನೋಡನ, ಇದ್ರೆ ಕೊಡನ" ಎನ್ನುವುದು ಅಭ್ಯಾಸ. ಒಂದು ಚಿಟಿಕೆ ಉಪ್ಪು ಕೇಳಿದರೂ ಅದೇ ಮಾತು. ನಟ್ಟು ಬೋಲ್ಟು ಕೇಳಲು ಬಂದವರಿಗೆ ಹೇಳಿ ಹೇಳಿ ಬಾಯಿಗೆ ಕೂತುಬಿಟ್ಟಿತ್ತು.

ಮೊದಲು ಗಲ್ಫಿನ ಗೋದಾಮಿನಲ್ಲಿ ಕೆಲಸಕ್ಕಿದ್ದನಂತೆ. ಅಲ್ಲಿನ ಬಿಳಿ ಸಾಹೇಬನಿಂದ ಈ ಆಟ ಕಲಿತದ್ದು. ಜೊತೆಗೆ ಕಲಿತವನು ಕೇರಳದ ಬತ್ತೇರಿಯ ಒಬ್ಬ ಗೆಳೆಯ. ಇಬ್ಬರೂ ಊರಿಗೆ ವಾಪಸ್ ಬಂದಮೇಲೂ ಬಿಡಲಿಲ್ಲ. ಎರಡು ವಾರಕ್ಕೊಂದು ಭಾನುವಾರ ಆ ಗೆಳೆಯ ಕಾಡು ದಾಟಿ, ತರಕಾರಿಗೆ ಬರುವ ಲಾರಿಯಲ್ಲಿ ಬರುತ್ತಿದ್ದ. ಹಳೇ ಬಾಗಿಲ ಹಲಗೆಯನ್ನು ಟೊಮೆಟೊ ಕ್ರೇಟುಗಳ ಮೇಲಿಟ್ಟು, ಎರಡೂ ಕಡೆ ತಂತಮ್ಮ ಸೈನ್ಯ ಜೋಡಿಸಿ, ದರ್ಜಿಯ ಟೇಪಿನಿಂದ ಅಳೆದು ಸಿಪಾಯಿಗಳನ್ನು ಮುಂದೆ ತಳ್ಳುವರು, ದಾಳ ಉರುಳಿಸುವರು. ಸತ್ತ ಸಿಪಾಯಿಯನ್ನು ಎತ್ತಿ ಪಕ್ಕಕ್ಕಿಡುವರು. ಬಂಡೀಪುರ ಕಾಡಿನ ಗೇಟು ರಾತ್ರಿ ಒಂಬತ್ತಕ್ಕೆ ಹಾಕುವುದರಿಂದ ಸಂಜೆ ಏಳರೊಳಗೆ ಯುದ್ಧ ಮುಗಿಯಲೇಬೇಕು.

ನನಗೆ ಅದನ್ನು ಸಹಿಸಲು ಆಗುತ್ತಿರಲಿಲ್ಲ. ನನ್ನ ಗಂಡ ಮಂಡಿಯಲ್ಲಿ ಹಮಾಲಿ. ಈರುಳ್ಳಿ ಮೂಟೆ ಹೊತ್ತು ಹೊತ್ತು ಬೆನ್ನು ಬಿದ್ದುಹೋಗಿ ಸತ್ತ. ಒಂದು ದಿನ ಕೂತು ಆಡಿದವನಲ್ಲ. ಇಲ್ಲಿ ನೋಡಿದರೆ ಐವತ್ತರ ಹತ್ತಿರದ ಗಂಡಸರಿಬ್ಬರು ನೆಲದ ಮೇಲೆ ಮಂಡಿಯೂರಿ ಗೊಂಬೆ ತಳ್ಳುತ್ತಾ ನಗುತ್ತಿದ್ದರು.

ಗೌರಿ ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಹೊಡೆಸಬೇಕಿತ್ತು. ಆತ ಬೀಗದ ಕೈ ಕೊಟ್ಟು, "ಹಳೇ ಪ್ಲಾಸ್ಟಿಕ್ ಏನಿದ್ರೂ ಗುಜರಿಗೆ ಹಾಕ್ಬುಡಿ ಅವ್ವ" ಎಂದು ಡ್ಯೂಟಿಗೆ ಹೋದ. ಗುಜರಿಯವನ ಗಾಡಿ ಬಂತು. ಒಡೆದ ಬಕೆಟ್ಟು, ಸವೆದ ಚಪ್ಪಲಿ ಎಲ್ಲ ಹಾಕಿದೆ. ಅಟ್ಟಣಿಗೆಯ ಮೇಲೆ ಒಂದು ರಟ್ಟಿನ ಡಬ್ಬವಿತ್ತು. ಅದನ್ನೂ ಹಾಕಿದೆ. ಎಲ್ಲಕ್ಕೂ ಸೇರಿ ಎರಡು ಹಿಡಿ ಬೆಳ್ಳುಳ್ಳಿ ಕೊಟ್ಟ.

ಸಂಜೆ ಆತ ಬಂದು ಅಟ್ಟಣಿಗೆ ನೋಡಿದ. ಕೋಣೆಯೆಲ್ಲ ಹುಡುಕಿದ. ಆಮೇಲೆ ನನ್ನ ಅಡುಗೆಮನೆ ಬಾಗಿಲಿಗೆ ಬಂದು ನಿಂತ.

"ಅವ್ವ, ಮ್ಯಾಲೆ ಒಂದು ಡಬ್ಬ ಇತ್ತಲ್ಲ?"

"ಗುಜರಿಗೆ ಹಾಕ್ದೆ ಕಣಪ್ಪ. ನೀನೇ ಯೋಳಿದ್ದಲ್ವಾ? ಒಳಗೇನಿತ್ತು ಅಂತ ನಂಗೇನು ಗೊತ್ತು?"

ಆತ ಬೈಯಲಿಲ್ಲ. ಮೂರು ದಿನ ಕೆಲಸಕ್ಕೆ ರಜೆ ಹಾಕಿ ಗುಂಡ್ಲುಪೇಟೆಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದ. ಚಾಮರಾಜನಗರಕ್ಕೂ ಹೋದ. ಸಿಕ್ಕಿದ್ದು ಒಂದು ಮುರಿದ ಕುದುರೆ. ನೂರಿಪ್ಪತ್ತು ಸಿಪಾಯಿಗಳು, ಒಂಬತ್ತು ವರ್ಷದ ಗಲ್ಫ್ ಸಂಬಳದಲ್ಲಿ ಒಂದೊಂದೇ ಪೆಟ್ಟಿಗೆ ಕೊಂಡದ್ದು, ಯಾವುದೋ ಊರಿನ ಪ್ಲಾಸ್ಟಿಕ್ ಪುಡಿಮಾಡುವ ಯಂತ್ರಕ್ಕೆ ಹೋಗಿದ್ದವು.

ನಾಲ್ಕನೇ ದಿನ ಆತ ಹೇಳಿದ ಮಾತು ನನಗೆ ನೆನಪಿದೆ. "ಸೈನ್ಯ ಇಲ್ದಿದ್ರೆ ಅವ್ನು ಬರಾದೂ ನಿಂತೋಯ್ತದೆ ಅವ್ವ. ಬರೀ ಟೀ ಕುಡಿಯಕ್ಕೆ ಅಂತ ಯಾರು ಕಾಡು ದಾಟ್ಕಂಡು ಬತ್ತಾರೆ?"

ಆತನ ಹೊಸ ಸೈನ್ಯದ ಲೆಕ್ಕಾಚಾರ ಶುರುವಾದಾಗ ನಾನೇ ಹೋಗಿ ಪಕ್ಕದಲ್ಲಿ ಕೂತೆ.

ಹಾಗೆ ಯೋಜನೆ ಹಾಕುವ ಇನ್ನೊಬ್ಬನನ್ನು ನಾನು ಕಂಡಿಲ್ಲ. ಪರದೇಶದ ಸಿಪಾಯಿ ಪೆಟ್ಟಿಗೆಯೊಂದರ ಬೆಲೆ ನನಗೆ ಕೊಡುವ ಒಂದು ತಿಂಗಳ ಬಾಡಿಗೆಯಷ್ಟು. ಅದು ಆಗುವ ಮಾತಲ್ಲ. ಒಬ್ಬೊಬ್ಬ ಸಿಪಾಯಿಗೂ ಇಷ್ಟು ಅಂಕ ಎಂದು ಇರುತ್ತದೆ, ಎರಡೂ ಕಡೆ ಒಟ್ಟು ಅಂಕ ಸಮವಿದ್ದರೆ ಸಾಕು ಎಂದು ತಿಳಿಸಿ ಹೇಳಿದ. ಕಾಲಾಳು ಅಗ್ಗ, ಆದರೆ ರಾಶಿ ಬೇಕು. ಕುದುರೆ ಸವಾರನಿಗೆ ಅಂಕ ಜಾಸ್ತಿ, ತಲೆ ಕಡಿಮೆ ಸಾಕು. ಹಾಗಾಗಿ ಎಂಟು ಸವಾರರು, ಮಿಕ್ಕವರು ಬಿಲ್ಲುಗಾರರು, ಈಟಿಯವರು. ಒಟ್ಟು ಮೂವತ್ತಾರು. ಯಾರಿಗೂ ಕವಚ ಬೇಡ, ಗುಡ್ಡದ ಜನ ಮಾಡೋಣ, ಕಂಬಳಿ ಹೊದ್ದವರನ್ನು ಕೈಯಲ್ಲೇ ತಿದ್ದಬಹುದು ಎಂದ. ಕರೆಂಟು ತಂತಿಯ ಒಳಗಿನ ತಾಮ್ರ ಬಗ್ಗಿಸಿ ಮೂಳೆ. ಸೋರುವ ಪೈಪಿಗೆ ಮೆತ್ತುವ ಅಂಟಿನಿಂದ ಮೈ. ತೆಂಗಿನ ಪೊರಕೆ ಕಡ್ಡಿ ಸೀಳಿ ಈಟಿ. ಕಾಲಡಿಗೆ ಸೋಡಾ ಬಾಟಲಿ ಮುಚ್ಚಳ, ಅದರ ಮೇಲೆ ನಾನು ರಾಗಿ ಜರಡಿಯಲ್ಲಿ ಆಡಿಸಿಕೊಟ್ಟ ಕೆಮ್ಮಣ್ಣು.

"ಮೊದ್ಲು ಆಡಿ ನೋಡನ, ಆಮ್ಯಾಕೆ ಖರ್ಚು ಮಾಡನ" ಎನ್ನುತ್ತಿದ್ದ. ಒಂದು ತಿಂಗಳು ಗೆಳೆಯರಿಬ್ಬರೂ ಬರೀ ಮುಚ್ಚಳಗಳ ಮೇಲೆ ಚೀಟಿ ಅಂಟಿಸಿಕೊಂಡು ಆಡಿದರು. ಈಟಿಯವರು ಹೆಚ್ಚಾದರು ಎಂದು ನಾಲ್ಕು ಚೀಟಿ ಹರಿದು ಬಿಲ್ಲುಗಾರರೆಂದು ಬರೆದ.

ಕುದುರೆ ತರಲು ನಾನೇ ಬಸ್ ಸ್ಟ್ಯಾಂಡಿನ ಫ್ಯಾನ್ಸಿ ಅಂಗಡಿಗೆ ಹೋದೆ. ಮಕ್ಕಳ ಆಟದ ಪ್ರಾಣಿಗಳ ಪೊಟ್ಟಣದಲ್ಲಿ ಒಂದು ಕುದುರೆ, ಒಂದು ಹಸು, ಒಂದು ಸಿಂಹ.

"ಸಿಂಹ ಯಾರಿಗ್ಬೇಕು? ಕುದುರೆ ಮಾತ್ರ ಆರ್ಸಿ ಕೊಡ್ಲಾ" ಎಂದೆ.

"ಪೊಟ್ಟಣ ಒಡುದ್ರೆ ಮಿಕ್ಕಿದ್ದು ಯಾರಜ್ಜಿ ತಗತಾರೆ?"

"ಹಸು ಹಾಲು ಕರಕೊ, ಸಿಂಹನ ಗಲ್ಲಾಪೆಟ್ಟಿಗೆ ಮ್ಯಾಲೆ ಕಾವಲಿಗೆ ಕೂರುಸ್ಕೊ."

ಅವನು ನಗುತ್ತಾ ಎಂಟು ಕುದುರೆ ಆರಿಸಿಕೊಟ್ಟ. ಅವನ್ನು ನೋಡಿ ಸ್ಟೋರ್ ಕೀಪರು ಖುಷಿಪಟ್ಟದ್ದು ನನಗೆ ಇನ್ನೂ ಕಷ್ಟವಾಯಿತು.

ಅದೇ ಭಾನುವಾರ ಬತ್ತೇರಿಯವನು ಬಂದ. ನಾನು ಟೀ ತಂದಿಟ್ಟಾಗ, ಸಿಪಾಯಿಗಳಿಗೆ ಪಟ್ಟಾಳ ಎನ್ನುವ ತನ್ನ ಮಲಯಾಳಿ ಕನ್ನಡದಲ್ಲಿ ರೇಗಿಸಿದ. "ಅಮ್ಮೇ, ನೂರಿಪ್ಪತ್ತು ಪಟ್ಟಾಳ ಕೊಟ್ಟು ಎರಡು ಹಿಡಿ ಬೆಳ್ಳುಳ್ಳಿ ತಗೊಂಡ ರಾಣಿ ಇಡೀ ದೇಶದಲ್ಲಿ ನೀವೊಬ್ಬರೇ. ನನ್ನ ಪಟ್ಟಾಳ ಕೊಟ್ರೆ ಶುಂಠಿ ಸಿಗ್ತದಾ ಕೇಳಿ ನೋಡಿ."

"ಸುಮ್ಕಿರ್ಲಾ" ಎಂದ ಸ್ಟೋರ್ ಕೀಪರು. "ಪಾಪ, ಅವ್ವಂಗೆ ಗೊತ್ತಿರ್ನಿಲ್ಲ. ಗೊತ್ತಿದ್ರೆ ಕೊಡರಾ?"

ನಾನು ಅಲ್ಲೇ ಕೂತೆ.

"ಗೊತ್ತಿತ್ತು ಕಣಪ್ಪ. ಡಬ್ಬ ಬುಚ್ಚಿ, ಒಂದನ್ನ ಎತ್ತಿ ನೋಡ್ದೆ. ಕಣ್ಣಿನ ಗುಡ್ಡೆ ಕೂಡ ನೀನು ಬರ್ದಿದ್ದೆ. ನೋಡೇ ಹಾಕ್ದೆ."

ಬತ್ತೇರಿಯವನ ನಗು ನಿಂತಿತು. ಸ್ಟೋರ್ ಕೀಪರು ಕೈಯಲ್ಲಿದ್ದ ಕಡ್ಡಿಯನ್ನು ನೆಲದ ಮೇಲಿಟ್ಟು, ಎದ್ದು ಹೊರಗೆ ಹೋದ. ಆ ದಿನ ಯುದ್ಧ ನಡೆಯಲಿಲ್ಲ.

ಆಮೇಲೆ ಒಂದು ತಿಂಗಳು ನನ್ನೊಡನೆ ಮಾತಿಲ್ಲ. ಬಾಡಿಗೆಯನ್ನು ಕಿಟಕಿಯಲ್ಲಿಟ್ಟು ಹೋದ. ಮನೆ ಖಾಲಿ ಮಾಡುತ್ತಾನೆ ಎಂದುಕೊಂಡೆ. ಮಾಡಿದ್ದರೆ ನ್ಯಾಯವೇ ಆಗುತ್ತಿತ್ತು. ಸಂಜೆ ಕಿಟಕಿಯಲ್ಲಿ ಕಾಣುತ್ತಿತ್ತು, ಒಬ್ಬನೇ ಕೂತು ತಂತಿ ಬಗ್ಗಿಸುತ್ತಿದ್ದ.

ಒಂದು ದಿನ ಬಂದು ಬಾಗಿಲಲ್ಲಿ ನಿಂತ. "ಮಣ್ಣು ಮುಗುದದೆ. ಜರಡಿ ಕೊಡಿ."

"ನಾನೇ ಆಡುಸ್ಕೊಡ್ತೀನಿ, ಇರು."

ಮಣ್ಣು ಆಡಿಸುವಾಗ ಎದುರಿಗೆ ಕುಕ್ಕುರುಗಾಲಲ್ಲಿ ಕೂತ. "ಯಾಕವ್ವ ಅಂಗ್ಮಾಡುದ್ರಿ?" ಎಂದು ಕೇಳಿದ. ನನ್ನ ಗಂಡನ ವಿಷಯ ಹೇಳಿದೆ. ಮೂಟೆ, ಬೆನ್ನು, ಎಲ್ಲ. ಪೂರ್ತಿ ಕೇಳಿಸಿಕೊಂಡ.

"ಅವರ್ನ ಯಾರೂ ಆಡಕ್ಕೆ ಬುಡ್ನಿಲ್ಲ ಅಂತ ನನ್ನೂ ಬುಡಬಾರ್ದಾ ಅವ್ವ?" ಎಂದ.

ನಾನು ಆಡಿಸಿದ ಮಣ್ಣನ್ನು ಬಟ್ಟಲಿಗೆ ತುಂಬಿದೆ. ಆತ ಮಣ್ಣಿನ ಬಟ್ಟಲು ತೆಗೆದುಕೊಂಡು ಹೋದ. ಮಾರನೇ ದಿನದಿಂದ ಮಾತಾಡಿದ, ಆದರೆ ಮೊದಲಿನ ಹಾಗಲ್ಲ. ಅಡುಗೆಮನೆಯೊಳಕ್ಕೆ ಬರುವುದು ಬಿಟ್ಟ. ಕೋಣೆಯ ಬೀಗದ ಕೈಯನ್ನು ನನಗೆ ಕೊಡುವುದನ್ನೂ ಬಿಟ್ಟ. ಕ್ಷಮಿಸಿದೆ ಎಂದು ಕೊನೆಯವರೆಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸುಗ್ಗಿ ಕಳೆದ ಮೇಲೆ ಒಂದು ಸಂಜೆ, ಕೆಲಸ ಮುಗಿಸಿ ಬರುವಾಗ ಬಸ್ಸಿನಲ್ಲೇ ಆತನ ಎದೆಬಡಿತ ನಿಂತಿತು. ತೆರಕಣಾಂಬಿ ದಾಟುವಾಗ ಕಿಟಕಿಗೆ ತಲೆಯಿಟ್ಟಿದ್ದನಂತೆ. ನಿದ್ದೆ ಎಂದುಕೊಂಡು ಕಂಡಕ್ಟರು ಸುಮ್ಮನಿದ್ದ. ಗುಂಡ್ಲುಪೇಟೆಯಲ್ಲಿ ಎಲ್ಲರೂ ಇಳಿದರು, ಆತ ಇಳಿಯಲಿಲ್ಲ.

ಆತನ ಅಣ್ಣ ಬಂದು ಮಂಚ, ಪಾತ್ರೆ, ಬಟ್ಟೆ ತೆಗೆದುಕೊಂಡು ಹೋದ. ಸಿಪಾಯಿಗಳನ್ನು ತೋರಿಸಿದಾಗ, "ಯಾವುದಾದ್ರೂ ಮಕ್ಳಿಗೆ ಕೊಡಿ, ಇಲ್ಲ ಬಿಸಾಕ್ಬುಡಿ" ಎಂದ. ನಾನು ಬತ್ತೇರಿಯವನಿಗೆ ಫೋನು ಮಾಡಿಸಿದೆ.

ಅವನು ಭಾನುವಾರ ಬಂದ. ಮೂವತ್ತಾರೂ ಸಿದ್ಧವಿದ್ದವು. ಬಣ್ಣ ಬಿದ್ದದ್ದು ಇಪ್ಪತ್ತೇಳಕ್ಕೆ. ಅವನು ಒಂದೊಂದನ್ನೇ ಹತ್ತಿಯಲ್ಲಿ ಸುತ್ತಿದ. ಸುತ್ತುತ್ತಾ ಅತ್ತ. ನನಗೆ ಅಳು ಬರಲಿಲ್ಲ, ಹತ್ತಿ ಹರಿದು ಹರಿದು ಕೊಟ್ಟೆ. ಕೊನೆಗೆ ಒಬ್ಬ ಸವಾರನನ್ನು ನನ್ನ ಮುಂದೆ ಹಿಡಿದ.

"ಇದು ನಿಮಗಿರಲಿ ಅಮ್ಮೇ. ಅವನ ನೆನಪಿಗೆ."

"ಬ್ಯಾಡ" ಎಂದೆ. "ಒಂದು ಕಮ್ಮಿ ಆದ್ರೂ ಅಂಕ ಸರಿಯೋಗಕಿಲ್ಲ. ಮಿಕ್ಕಿದ್ದಕ್ಕೂ ಬಣ್ಣ ಬಳ್ದು, ಯಾರ್ನಾರ ಎದುರುಗಡೆ ಕೂರುಸ್ಕೊಂಡು ಆಡು. ಅವು ಇರಾದೇ ಆಡಕ್ಕೆ."