ಭಾಗಿ ಬರೆದ ಭೂಮಣ್ಣಿ ಬುಟ್ಟಿ

1958ರಲ್ಲಿ ನನಗೆ ಶಿಕಾರಿಪುರದಿಂದ ಸೊರಬ ತಾಲ್ಲೂಕಿಗೆ ವರ್ಗವಾಯಿತು. ಜಡೆ ಎಂಬ ಊರಿನ ಆಸುಪಾಸಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆ. ನಾಲ್ಕನೇ ತರಗತಿಯ ಪಾಠಗಳ ಜೊತೆಗೆ ಕ್ರಾಫ್ಟ್ ಪೀರಿಯಡ್ಡೂ ನನ್ನ ತಲೆಗೇ ಬಂತು. ಕ್ರಾಫ್ಟ್ ಎಂದರೆ ಆಗ ತಕಲಿಯಲ್ಲಿ ನೂಲು ತೆಗೆಸುವುದು. ಮಕ್ಕಳ ಕೈಯಲ್ಲಿ ಬಂದ ನೂಲಿಗಿಂತ ಹರಿದದ್ದೇ ಹೆಚ್ಚು. ನನ್ನ ತಾಳ್ಮೆಯೂ ಅದರ ಜೊತೆಗೇ ಹರಿಯುತ್ತಿತ್ತು.

ದಸರಾ ರಜೆ ಮುಗಿಸಿ ಶಾಲೆ ತೆರೆದ ದಿನ ನಮ್ಮ ಹಬ್ಬಗಳ ಬಗ್ಗೆ ಪಾಠವಿತ್ತು. ಮುಂದಿನ ಹಬ್ಬ ಯಾವುದೆಂದು ಕೇಳಿದೆ. ದೀಪಾವಳಿ ಎನ್ನುತ್ತಾರೆಂದುಕೊಂಡರೆ ಇಡೀ ತರಗತಿ "ಭೂಮಣ್ಣಿ" ಎಂದು ಕೂಗಿತು. ಭೂಮಿ ಹುಣ್ಣಿಮೆಗೆ ಇಲ್ಲಿಯವರ ಹೆಸರು ಅದು; ಶಿಕಾರಿಪುರದ ನಮ್ಮ ತೊಗರ್ಸಿ ಕಡೆ ಅದೇ ಸೀಗಿ ಹುಣ್ಣಿಮೆ. ಆ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ, ಅಂದರೆ ತೆನೆ ಇನ್ನೂ ಪೈರಿನ ಹೊಟ್ಟೆಯೊಳಗಿರುತ್ತದೆ. ಭೂಮಿತಾಯಿ ಬಸುರಿ ಎಂದು ಬಯಕೆಯ ಊಟವನ್ನು ಬುಟ್ಟಿಯಲ್ಲಿಟ್ಟು ಗದ್ದೆಗೆ ಒಯ್ದು ಎಡೆ ಹಾಕುತ್ತಾರೆ. ಅಷ್ಟು ನನಗೂ ಗೊತ್ತಿತ್ತು. ಇಲ್ಲಿಯ ಹೆಂಗಸರು ಆ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆಯುತ್ತಾರೆ ಎನ್ನುವುದು ಮಾತ್ರ ಹೊಸ ಸುದ್ದಿ.

"ಯಾರ ಮನೇಲೆಲ್ಲ ಬರೀತಾರೆ?" ಎಂದೆ. ಒಂದು ಕೈ ಬಿಟ್ಟು ಎಲ್ಲ ಕೈಗಳೂ ಮೇಲೆದ್ದವು. ಏಳದ ಕೈ ಭಾಗಿಯದು.

ಭಾಗಿ ಬಾಯಿಸತ್ತ ಹುಡುಗಿ. ತಾಯಿ ತೀರಿ ಒಂದೂವರೆ ವರ್ಷವಾಗಿತ್ತು. ನೆರೆಮನೆಯವರು ಬುಟ್ಟಿ ಬರೆದುಕೊಡುತ್ತೇವೆಂದರೂ ಅವಳ ಅಪ್ಪ ಹುಚ್ಚಪ್ಪ ಒಪ್ಪಿರಲಿಲ್ಲ. "ಅವ್ಳ ಬುಟ್ಟಿಗೆ ಬ್ಯಾರೇರ ಕೈ ಬ್ಯಾಡ" ಎಂದು ಹಿಂದಿನ ವರ್ಷ ಚಿತ್ತಾರವಿಲ್ಲದ ಬುಟ್ಟಿಯನ್ನೇ ಹೊತ್ತು ಹೋಗಿದ್ದ. ಇದನ್ನು ಹೇಳಿದ್ದು ಪಕ್ಕದಲ್ಲಿ ಕೂತಿದ್ದ ನಾಗಿ. ಭಾಗಿ ತಲೆ ತಗ್ಗಿಸಿ ಸ್ಲೇಟು ಒರೆಸುತ್ತಿದ್ದಳು.

"ಈ ವರ್ಷ ನೀನೇ ಬರಿ" ಎಂದೆ.

"ಅವ್ವ ಇಲ್ವಲ್ರೀ ಅಕ್ಕೋರೇ. ಯಾರು ಹೇಳ್ಕೊಡ್ತಾರೆ?"

ನನಗೆ ಬರುತ್ತಿದ್ದರೆ ತಾನೇ ಹೇಳಿಕೊಡುವುದು! ತಕಲಿಗಳನ್ನು ಕಟ್ಟಿಟ್ಟೆ. ಕೂರುವ ಹಲಗೆಗಳನ್ನು ಗೋಡೆಗೆ ಸರಿಸಿ, ಗೊತ್ತಿದ್ದವರು ಗೊತ್ತಿದ್ದಷ್ಟು ಹೇಳಿಕೊಡಿ ಎಂದೆ. ಹಬ್ಬಕ್ಕೆ ಮೂರು ದಿನ ಉಳಿದಿತ್ತು. ಮರುದಿನ ಭಾಗಿ ಹಳೆಯ ಚಿತ್ತಾರವೆಲ್ಲ ಉದುರಿಹೋಗಿದ್ದ ಅವ್ವನ ಬುಟ್ಟಿಯನ್ನು ಅಟ್ಟದಿಂದ ಇಳಿಸಿ, ಅಪ್ಪನಿಗೆ ಹೇಳದೆ ತಂದಳು.

ಆಗ ನಾನು ಕಂಡದ್ದನ್ನು ಇಂದಿಗೂ ಬೆರಗಿನಿಂದಲೇ ನೆನೆಯುತ್ತೇನೆ. ತರಗತಿಯ ಹುಡುಗಿಯರಲ್ಲಿ ಯಾರಿಗೂ ಪೂರ್ತಿ ಬುಟ್ಟಿ ಬರೆಯಲು ಬಾರದು. ಅವರವರ ತಾಯಂದಿರು ಕೈಗೆ ಕೊಟ್ಟಿದ್ದ ಚಿಲ್ಲರೆ ಕೆಲಸ ಅವರವರಿಗೆ ಗೊತ್ತು. ಒಬ್ಬಳು ನೆನೆಸಿದ ಅಕ್ಕಿಯನ್ನು ಎಷ್ಟು ನುಣ್ಣಗೆ ಅರೆಯಬೇಕೆಂದು ತೋರಿಸಿದಳು. ಇನ್ನೊಬ್ಬಳು ಪುಂಡಿ ಗಿಡದ ನಾರಿನ ತುದಿ ಜಜ್ಜಿ ಕುಂಚ ಮಾಡಿದಳು. ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯಬೇಕೆಂದು ನಾಗಿ ದೊಡ್ಡ ಹೆಂಗಸಿನ ಗತ್ತಿನಲ್ಲಿ ಹೇಳಿದಳು. ನಾನೂ ಸುಮ್ಮನಿರಲಾರದೆ ಸ್ಕೇಲು ಕೊಟ್ಟೆ. ಬುಟ್ಟಿಗೆ ಹೊಟ್ಟೆಯಿದೆ, ಸ್ಕೇಲಿಗೆ ಇಲ್ಲ. ಮಕ್ಕಳು ಮುಸಿಮುಸಿ ನಕ್ಕು ಅದನ್ನು ಮರ್ಯಾದೆಯಿಂದ ನನ್ನ ಮೇಜಿನ ಮೇಲಿಟ್ಟರು.

ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಕೊನೆಯ ಸುತ್ತು. ಗೆರೆಗಳ ಚೌಕಕ್ಕೆ ಮಕ್ಕಳು ಮನೆ ಎನ್ನುತ್ತಿದ್ದರು; ಕಣ್ಣಳತೆಯಲ್ಲೇ ಒಂದರ ಪಕ್ಕ ಒಂದು ಮನೆ ಬರೆಯುತ್ತ ಬಂದ ಭಾಗಿ ಶುರು ಮಾಡಿದಲ್ಲಿಗೆ ಮುಟ್ಟುವಾಗ ನಿಂತುಬಿಟ್ಟಳು. ಎರಡು ಬೆರಳಿನಷ್ಟು ಜಾಗ ಉಳಿದಿತ್ತು, ಇನ್ನೊಂದು ಮನೆ ಅಲ್ಲಿ ಹಿಡಿಸದು. ತರಗತಿಯೇ ಉಸಿರು ಬಿಗಿಹಿಡಿಯಿತು. ಅಳಿಸಿ ಮತ್ತೆ ಕೆಮ್ಮಣ್ಣು ಬಳಿದರೆ ಒಣಗಲು ಹೊತ್ತಿಲ್ಲ. ಭಾಗಿ ಆ ಜಾಗವನ್ನೇ ನೋಡುತ್ತ ಕೂತಳು. ಆಮೇಲೆ ಕುಂಚ ಅದ್ದಿ, ಹೊಟ್ಟೆ ಉಬ್ಬಿದ ಒಂದೇ ಒಂದು ಭತ್ತದ ಸಸಿ ಬರೆದಳು.

ಅಷ್ಟರಲ್ಲಿ ಬಾಗಿಲಲ್ಲಿ ಹುಚ್ಚಪ್ಪ. ಅಟ್ಟದಲ್ಲಿ ಬುಟ್ಟಿ ಕಾಣದೆ ಹುಡುಕಿಕೊಂಡು ಬಂದಿದ್ದ. ಮುಖ ಕೆಂಪಾಗಿತ್ತು.

"ಯಾರನ್ನ ಕೇಳಿ ಮುಟ್ಟಿದ್ರಿ ಅದ್ನ?"

ಭಾಗಿ ನನ್ನ ಸೆರಗು ಹಿಡಿದಳು. "ನಿಮ್ಮ ಮಗಳೇ ಬರೆದಿದ್ದಾಳೆ, ನೋಡ್ರಿ" ಎಂದಷ್ಟೇ ಅಂದೆ.

ಅವನು ಬುಟ್ಟಿಯನ್ನೆತ್ತಿ ಮೆಲ್ಲಗೆ ತಿರುಗಿಸುತ್ತ ಹೋದ. ಆ ಸಸಿಯ ಹತ್ತಿರ ಕೈ ನಿಂತಿತು.

"ಇದ್ನ ಇಲ್ಲಿ ಬರಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಅಪ್ಪಾ. ಜಾಗ ಉಳೀತು."

ಹುಚ್ಚಪ್ಪ ಗೋಡೆಗೊರಗಿ ಕುಕ್ಕರಗಾಲಲ್ಲಿ ಕುಳಿತ. "ಈ ಬುಟ್ಟಿ ಇಲ್ಲಿ ಸ್ವಲ್ಪ ಸೊಟ್ಟ ಅಕ್ಕೋರೇ. ಅವ್ರವ್ವಂಗೂ ಪ್ರತಿ ವರ್ಷ ಇಲ್ಲೇ ಜಾಗ ಉಳೀತಿತ್ತು. ಅವ್ಳೂ ಒಂದು ಸಸೀನೇ ಬರೀತಿದ್ಲು" ಎಂದ.

ಆಮೇಲೂ ಎಷ್ಟೋ ವರ್ಷ ಎಷ್ಟೋ ಊರುಗಳಲ್ಲಿ ಪಾಠ ಹೇಳಿದೆ. ನನಗೆ ಬಾರದ್ದನ್ನು ಮಕ್ಕಳು ಕಲಿಯಲು ಹೊರಟಾಗ ಹಲಗೆ ಸರಿಸಿ ಜಾಗ ಮಾಡಿಕೊಡುವುದೂ ಮೇಷ್ಟರಿಕೆಯೇ ಎಂದು ಕಲಿತದ್ದು ಮಾತ್ರ ಆ ಶಾಲೆಯಲ್ಲಿ.

ಮರುದಿನ ಬೆಳಗಿನ ಜಾವ ಅವರ ಗದ್ದೆಯ ಬದುವಿನ ಮೇಲೆ ನಾನೂ ಇದ್ದೆ. ಹುಚ್ಚಪ್ಪ ತಲೆಯ ಮೇಲಿನ ಬುಟ್ಟಿ ಇಳಿಸಿ, ಎಡೆ ಹಾಕಿ ಕೈಮುಗಿದ. ಆಮೇಲೆ ಸಸಿ ಬರೆದ ಮಗ್ಗುಲನ್ನು ಪೈರಿನ ಕಡೆ ತಿರುಗಿಸಿಟ್ಟು, ಎದುರಿಗೇ ನಿಂತವರೊಡನೆ ಮಾತಾಡುವಂತೆ ಹೇಳಿದ:

"ನೋಡೇ, ನಿನ್ ಮಗ್ಳು ಬರ್ದಾಳೆ."