ಸೆರಗಿನ ಮೇಲಿನ ನವಿಲು

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ಈಗ ನನ್ನದಲ್ಲ.

ತೊಂಬತ್ತರ ದಶಕದ ನಡುಭಾಗ. ನಾವು ವಡೋದರಾದಲ್ಲಿದ್ದೆವು. ನನ್ನ ಗಂಡ ಮತ್ತು ಮೈದುನ ಇಡ್ಲಿ ದೋಸೆಯ ಹೋಟೆಲು ನೋಡಿಕೊಳ್ಳುತ್ತಿದ್ದರು. ಹಿರಿಯ ಭಾವನಿಗೆ ಮಾತ್ರ ಹೋಟೆಲಿನ ಹೊಗೆ ಒಗ್ಗುತ್ತಿರಲಿಲ್ಲ. ಅವರು ಮಕರಪುರದಲ್ಲಿ ಒಂದು ಶೆಡ್ಡು ಹಿಡಿದು ಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡಿಸುತ್ತಿದ್ದರು. ಕಾರ್ಖಾನೆಯವರಿಗೆ ಟೀ ಶರ್ಟು, ಶಾಲೆಯವರಿಗೆ ಆಟದ ಬನಿಯನ್ನು, ಅಂಗಡಿಯವರಿಗೆ ಕೈಚೀಲ. ಗಿರಾಕಿಗೆ ಏನು ಬೇಕು ಎಂದು ಕೇಳಿ ಬರೆದುಕೊಳ್ಳುವ ಕೆಲಸ ನನ್ನದು.

ಅದು ಸಣ್ಣ ಕೆಲಸವೆಂದು ತಿಳಿಯಬೇಡಿ. ಒಬ್ಬ ಮದುವೆಯ ಕಾಗದದಿಂದ ಗಣಪತಿಯನ್ನು ಕತ್ತರಿಸಿ ತರುತ್ತಾನೆ. ಇನ್ನೊಬ್ಬ ಗಾಠಿಯಾ ಎಂಬ ಖಾರದ ತಿಂಡಿ ಕಟ್ಟಿದ ಕಾಗದದ ಹಿಂದೆ ಪೆನ್ನಿನಲ್ಲಿ ಗೀಚಿದ ಹುಲಿಯನ್ನು ತಂದು, ಹುಲಿ ಇನ್ನೂ ಸಿಟ್ಟಾಗಿರಬೇಕು ಎನ್ನುತ್ತಾನೆ. ಕೆಂಪು ಎಂದರೆ ಯಾವ ಕೆಂಪು? ಅದಕ್ಕೆಂದೇ ನಾನು ಒಂದು ರಟ್ಟಿಗೆ ಕಸೂತಿ ದಾರದ ತುಂಡುಗಳನ್ನು ಸಾಲಾಗಿ ಅಂಟಿಸಿಕೊಂಡಿದ್ದೆ. ಬೆರಳಿಟ್ಟು ತೋರಿಸಿ ಎನ್ನುತ್ತಿದ್ದೆ. ಎಷ್ಟು ಬಣ್ಣ, ಎಷ್ಟು ಇಂಚು, ಎಲ್ಲಿ ಕೂರಬೇಕು, ಯಾವ ಬಟ್ಟೆ ಎಂದು ಹದಿನಾಲ್ಕು ಪ್ರಶ್ನೆಗಳ ಒಂದು ಫಾರ್ಮನ್ನು ನಾನೇ ಮಾಡಿದ್ದೆ. ಕೊನೆಗೆ ಚಿತ್ರವನ್ನು ಬಟರ್ ಪೇಪರಿನ ಮೇಲೆ ಬರೆಸಿ, ಅದರ ಮೇಲೆ ಗಿರಾಕಿಯ ಸಹಿ ತೆಗೆದುಕೊಳ್ಳದೆ ಒಂದು ತೊಟ್ಟು ಬಣ್ಣ ಕಲಸಲೂ ಬಿಡುತ್ತಿರಲಿಲ್ಲ. “ಇವಳ ಫಾರ್ಮ್ ಇದ್ರೆ ನಂಗೆ ತಲೆಬಿಸಿ ಇಲ್ಲ ಮಾರಾಯ್ರೆ” ಎಂದು ಭಾವ ಎಲ್ಲರೆದುರು ಹೇಳುತ್ತಿದ್ದರು. ನಾನು ಕೇಳಿಸದವಳ ಹಾಗೆ ರಟ್ಟಿನ ದಾರ ಸರಿಮಾಡುತ್ತಿದ್ದೆ.

ಆಮೇಲೆ ಮೈದುನನ ಮದುವೆಯಾಗಿ ಅವಳು ಬಂದಳು. ನಮ್ಮ ಕಡೆಯವರೇ, ಆದರೆ ಹುಟ್ಟಿ ಬೆಳೆದದ್ದು ಸೂರತ್ತಿನ ಅಡಾಜಣ್‌ನಲ್ಲಿ. ಗುಜರಾತಿ ಅವಳ ಬಾಯಲ್ಲಿ ನೀರು ಹರಿದ ಹಾಗೆ ಹರಿಯುತ್ತಿತ್ತು. ಕನ್ನಡ ಮಾತ್ರ ತುಂಡು ತುಂಡು. ಚಿತ್ರ ಬರೆಯುತ್ತಾಳೆಂದು ಭಾವ ಅವಳನ್ನೂ ಶೆಡ್ಡಿಗೆ ಕರೆದರು. ಗಿರಾಕಿಗಳು ನನ್ನ ಎದುರಿನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅವಳ ಮುಂದೆ ಹಾಕಿಕೊಳ್ಳತೊಡಗಿದರು. ಅವಳು ಫಾರ್ಮ್ ಮುಟ್ಟುತ್ತಿರಲಿಲ್ಲ. ಅವರು ಮಾತಾಡುತ್ತಿದ್ದಂತೆ ಪೇಪರಿನ ಅಂಚಿನಲ್ಲಿ ನಾಲ್ಕು ಗೆರೆ ಎಳೆದು “ಆವುಂಜ್ ನೇ?” ಎನ್ನುತ್ತಿದ್ದಳು, ಹೀಗೇ ತಾನೆ ಎಂದು. ಅವರು ಹೌದು ಹೌದೆಂದು ಮೇಜು ತಟ್ಟುತ್ತಿದ್ದರು. ನನ್ನ ಹದಿನಾಲ್ಕು ಪ್ರಶ್ನೆಗೆ ಯಾರೂ ಒಮ್ಮೆಯೂ ಮೇಜು ತಟ್ಟಿರಲಿಲ್ಲ.

ನನ್ನ ಹೊಟ್ಟೆಯಲ್ಲಿ ಮೆಣಸು ಅರೆದಂತಾಗುತ್ತಿತ್ತು. ಅವಳು ಸಾರಿಗೆ ಸಕ್ಕರೆ ಹಾಕುತ್ತಾಳೆಂದು ಅತ್ತೆಗೆ ಚಾಡಿ ಹೇಳಿದೆ. ಅತ್ತೆ ರುಚಿ ನೋಡಿ, ಪರವಾಗಿಲ್ಲ ಎಂದು ಇನ್ನೊಂದು ಸೌಟು ಬಡಿಸಿಕೊಂಡರು. “ನೀನಾರೂ ಅವ್ಳಿಗೆ ಸ್ವಲ್ಪ ಕನ್ನಡ ಹೇಳಿಕೊಡು” ಎಂದು ಅತ್ತೆ ನನಗೆ ಎಷ್ಟೋ ಸಲ ಹೇಳಿದ್ದರು. ನಾನು ಹೂಂ ಎನ್ನುತ್ತಿದ್ದೆ, ಅಷ್ಟೇ. ಅವಳಿಗಿಂತ ನನ್ನಲ್ಲಿ ಹೆಚ್ಚಿಗೆ ಇದ್ದದ್ದು ಅದೊಂದೇ. ಅದನ್ನೂ ಕೊಡಲು ನನಗೇನು ಹುಚ್ಚೇ?

ಹೀಗಿರುವಾಗ ಭಾವ ಶೆಡ್ಡಿನ ಮುಂಭಾಗಕ್ಕೆ ಗಾಜಿನ ಬಾಗಿಲಿಟ್ಟು, ಫೋನಿರುವ ಒಂದು ಹೊಸ ಮೇಜು ಹಾಕಿಸಿದರು. ಮೇಜು ಒಂದೇ. ಒಬ್ಬಳು ಅಲ್ಲಿ, ಇನ್ನೊಬ್ಬಳು ಹಿಂದಿನ ಕೋಣೆಯಲ್ಲಿ ಮಡಿಸುವ, ಕಟ್ಟುವ ಕೆಲಸಕ್ಕೆ. ಅದೇ ವಾರ ಅಹಮದಾಬಾದಿನ ಬೋಡಕ್‌ದೇವ್‌ನಿಂದ ಒಂದು ಮಹಿಳಾ ಮಂಡಳದ ಅಧ್ಯಕ್ಷೆ ಫೋನು ಮಾಡಿದರು. ವಾರ್ಷಿಕ ಸಭೆಗೆ ಮೂವತ್ತೈದು ಸೀರೆ, ಪ್ರತಿ ಸೆರಗಿನ ಮೇಲೆ ಮಂಡಳದ ಗುರುತಾದ ನವಿಲು. ಸೀರೆಯ ಕೆಲಸ ನಮಗೆ ಮೊದಲ ಸಲ. ಭಾವ ನನಗೆ, “ಇದೊಂದು ಸರಿ ಮಾಡಿಕೊಡು, ಮೇಜು ನಿಂದೇ. ಹೋಪತ್ತಿಗೆ ಅವ್ಳನ್ನೂ ಕರ್ಕೊಂಡು ಹೋಗು” ಎಂದರು.

ಅವಳು ತವರಿಗೆ ಹೋದ ದಿನವನ್ನೇ ನೋಡಿ ನಾನೊಬ್ಬಳೇ ಬಸ್ಸು ಹತ್ತಿದೆ.

ಅಧ್ಯಕ್ಷೆ ಮನೆಯಲ್ಲಿ ಹೂವಿನ ಮ್ಯಾಕ್ಸಿ ತೊಟ್ಟುಕೊಂಡು ಕುಳಿತಿದ್ದರು. ನಾನು ರಟ್ಟು ಬಿಚ್ಚಿದೆ. ನೀಲಿಗೆ ಬೆರಳಿಟ್ಟರು, ಹಸಿರಿಗೆ ಇಟ್ಟರು. ಎಲ್ಲಿ ಬೇಕು ಎಂದಾಗ “ಪಲ್ಲೂ ಪೇ, ಬೀಚ್ ಮೇ, ಸಬ್ ಕೋ ದಿಖನಾ ಚಾಹಿಯೇ” ಎಂದರು. ಸೆರಗಿನ ನಡುವೆ, ಎಲ್ಲರಿಗೂ ಕಾಣಬೇಕು. ನಾನು ಎದ್ದು ನನ್ನ ಸೆರಗನ್ನೇ ಬೆನ್ನ ಮೇಲೆ ಹರಡಿ, ಟೇಪು ಹಿಡಿದು ಅಳೆದೆ. ತುದಿಯಿಂದ ಎಂಟು ಇಂಚು ಮೇಲೆ. ಹಿಂದಿನಿಂದ ನಡೆದು ಬರುವವರಿಗೆಲ್ಲ ನವಿಲು ಕಾಣುತ್ತದೆ. ಅವರಿಗೆ ಇಂಚಿನ ಲೆಕ್ಕ ಬೇಕಿರಲಿಲ್ಲ. ಮಂಡಳದ ಗುರುತಿನ ಮೇಲಿಟ್ಟು ನಾನು ಗೆರೆ ಎಳೆದುಕೊಂಡ ಬಟರ್ ಪೇಪರಿನ ನವಿಲು ಚೆಂದ ಕಂಡಿತು, ಸಹಿ ಹಾಕಿದರು. ಬರುವಾಗ ಬಸ್ಸಿನಲ್ಲಿ ಆ ಹೊಸ ಮೇಜಿನ ಮೇಲೆ ಏನೇನು ಇಡಬೇಕೆಂದು ಯೋಚಿಸುತ್ತಾ ಬಂದೆ.

ಅಚ್ಚಿಗೆ ಬೇಕಾದ ಕಪ್ಪು ಶಾಯಿಯ ಚಿತ್ರವನ್ನು ಬರೆದವಳು ಓರಗಿತ್ತಿಯೇ. ನನ್ನ ಫಾರ್ಮನ್ನು ಮುಂದಿಟ್ಟುಕೊಂಡು ಎರಡು ದಿನ ಕುಳಿತು, ಒಂದೊಂದು ಗರಿಯನ್ನೂ ತಿದ್ದಿದಳು. ಸೂರತ್ತಿನಿಂದ ತರಿಸಿದ ಕೆನೆ ಬಣ್ಣದ ಸೀರೆಗಳ ಮೇಲೆ ನವಿಲುಗಳು ಜೀವಂತವಾಗಿ ಎದ್ದು ಕುಳಿತಂತಿದ್ದವು.

ಸಭೆಯ ದಿನ ಮಧ್ಯಾಹ್ನ ಸೀರೆಗಳ ಗಂಟು ಹಿಡಿದು ನಾನೇ ಹೋದೆ, ಹೊಗಳಿಕೆ ಕೇಳುವ ಆಸೆಯಿಂದ. ಹೆಂಗಸರು ಒಳಗೆ ಹೋಗಿ ಉಟ್ಟುಕೊಂಡು ಸಾಲಾಗಿ ಹೊರಗೆ ಬಂದರು. ಅವರದು ಗುಜರಾತಿ ಉಡುಗೆ. ಸೆರಗು ಬೆನ್ನಿನಿಂದ ಬಲಹೆಗಲ ಮೇಲೆ ಹಾದು ಮುಂದಕ್ಕೆ ಬಂದು, ಎದೆಯ ಮೇಲೆ ಅಗಲವಾಗಿ ಹರಡಿ, ಮೊಣಕಾಲಿನ ತನಕ ಇಳಿಯುತ್ತದೆ. ಎದೆಯ ಮೇಲೆಲ್ಲ ಬರೀ ಕೆನೆ ಬಣ್ಣ. ನವಿಲು ಇದ್ದದ್ದು ತೊಡೆಯ ಮೇಲೆ. ವೇದಿಕೆಯ ಮೇಲೆ ಕುಳಿತಾಗ ಮೂವತ್ತೈದು ನವಿಲುಗಳೂ ಮಡಿಲಿಗೆ ಬಿದ್ದವು. ಅವುಗಳ ಮೇಲೆ ಢೋಕ್ಳಾದ ತಟ್ಟೆಗಳು ಬಂದು ಕುಳಿತವು. ಇಂಥ ಸೆರಗನ್ನು ನಾನು ಬೀದಿಯಲ್ಲಿ ದಿನಾ ನೋಡಿದವಳೇ. ಅಳೆಯುವಾಗ ಮಾತ್ರ ನನ್ನ ಕಣ್ಣಿಗೆ ನನ್ನ ಮೈ ಬಿಟ್ಟು ಬೇರೆ ಏನೂ ಕಂಡಿರಲಿಲ್ಲ. ನಮ್ಮ ಹಾಗೆ ಹಿಂದಕ್ಕೆ ಸೆರಗು ಹಾಕಿ ಉಡಿಸಿಕೊಡುತ್ತೇನೆ ಎಂದು ಅಂಗಲಾಚಿದೆ. “ಹಮಾರೇ ಯಹಾಂ ಐಸೇ ನಹೀ ಪಹನ್‌ತೇ” ಎಂದು ಅಧ್ಯಕ್ಷೆ ಮುಖ ತಿರುಗಿಸಿದರು. ನಮ್ಮಲ್ಲಿ ಹಾಗೆ ಉಡುವುದಿಲ್ಲ.

ಭಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಹೋದಾಗ ಓರಗಿತ್ತಿ ಹೊಸ ಮೇಜಿನ ಹಿಂದೆ ಕುಳಿತಿದ್ದಳು, ನನ್ನ ದಾರದ ರಟ್ಟು ಅವಳ ಕೈಯ ಬಳಿ ಇತ್ತು. ನಾನು ಹಿಂದಿನ ಕೋಣೆಗೆ ಹೋಗಿ ಬನಿಯನ್ನು ಮಡಿಸಿದೆ. ಗಾಜಿನ ಬಾಗಿಲ ಕಡೆಯಿಂದ ಅವಳ ನಗು ಕೇಳಿದಾಗಲೆಲ್ಲ ಮಡಿಕೆ ಸೊಟ್ಟಗಾಗುತ್ತಿತ್ತು.

ಹದಿನೈದು ದಿನವಾಗಿರಬೇಕು. ಒಂದು ಮಧ್ಯಾಹ್ನ ಅವಳು ಹಿಂದಿನ ಕೋಣೆಗೆ ಬಂದು, ಬನಿಯನ್ನುಗಳ ರಾಶಿಯ ಪಕ್ಕ ನೆಲದ ಮೇಲೆ ಕುಳಿತಳು. ಕೈಯಲ್ಲಿ ಬೋಡಕ್‌ದೇವ್‌ನ ಆ ಹಳೆಯ ಫಾರ್ಮು, ಬೆರಳು ಎಂಟು ಇಂಚು ಎಂದು ಬರೆದ ಸಾಲಿನ ಮೇಲೆ.

“ಅಕ್ಕ, ನಂಗೆ ಗೊತ್ತಿತ್ತು. ಆಠ್ ಇಂಚ್ ಗಲತ್ ಅಂತ. ಡ್ರಾಯಿಂಗ್ ಮಾಡುವಾಗ್ಲೇ ನೋಡಿದೆ.”

“ಮತ್ತೆ ಎಂತಕ್ಕೆ ಹೇಳ್ಲಿಲ್ಲ?”

“ನೀವು, ಅತ್ತೆ, ಕಿಚನ್‌ನಲ್ಲಿ ಕೂತು ನಗ್ತೀರಿ. ನಂಗೆ ಅರ್ಧ ಸಮಜ್ ಆಗೂದಿಲ್ಲ. ಅತ್ತೆ ನನ್ನ ಹತ್ರ ಹಿಂದಿ ಮಾತಾಡ್ತಾರೆ, ಗೆಸ್ಟ್ ಹತ್ರ ಮಾತಾಡಿದ ಹಾಗೆ. ನಿಮ್ಮನ್ನ ನೋಡಿದ್ರೆ ನಂಗೆ...” ಪದ ಸಿಗದೆ ತಡವರಿಸಿದಳು. ಕೊನೆಗೆ ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ಒತ್ತಿ ತೋರಿಸಿದಳು. ಕಣ್ಣು ತುಂಬಿತ್ತು.

ಜಾಗ ಸರಿಯಾಗಿತ್ತು. ಅಳೆಯಲು ಟೇಪು ಬೇಕಿರಲಿಲ್ಲ. ನನಗೂ ಅಲ್ಲೇ ಉರಿಯುತ್ತಿದ್ದದ್ದು.

ಸಿಟ್ಟು ಬರಬೇಕಿತ್ತು, ಮೇಜು ಹೋದದ್ದಕ್ಕೆ. ಬರಲಿಲ್ಲ. ನನ್ನನ್ನು ಕಂಡೂ ಒಬ್ಬಳು ಇಷ್ಟು ದಿನ ಉರಿದಿದ್ದಾಳಲ್ಲ ಎಂದು, ಸುಳ್ಳೇಕೆ, ಖುಷಿಯಾಯಿತು. ಅವಳ ಕಡೆಗೆ ಸ್ವಲ್ಪ ಜರುಗಿ ಕುಳಿತೆ.

“ಅದಕ್ಕೆ ನಮ್ಮಲ್ಲಿ ಹೊಟ್ಟೆಕಿಚ್ಚು ಅಂತಾರೆ” ಎಂದೆ.

ಅವಳು ಮೂಗೊರೆಸಿಕೊಂಡು ಎರಡು ಸಲ ಹೇಳಿ ನೋಡಿದಳು. ಎರಡನೆಯ ಸಲ ಸರಿಯಾಗಿ ಬಂತು. ಒಂದೇ ಮನೆಯಲ್ಲಿ ಮೂರು ವರ್ಷವಿದ್ದು, ನಾನು ಅವಳಿಗೆ ಕಲಿಸಿದ ಮೊದಲ ಕನ್ನಡ ಪದ ಅದು.